ಕೋಚ್ ಎಂಬ ಹೊಸ ವೃತ್ತಿ

ಪಟ್ಟಣ ಸೇರಿದ ಮಕ್ಕಳು ‘ಕೋಚ್’ ಎಂಬವರಿಗೆ ಹಣ ತೆತ್ತು ಸಮಾಲೋಚಿಸುವ ಸುದ್ದಿಯನ್ನು ನಮ್ಮ ವಾಚಕರು ಕೇಳಿರಬಹುದು. ಕೆಲವರು ಆ ವೃತ್ತಿಯನ್ನೇ ಹಿಡಿಯಲು ಹೊರಟಿರುವರು. ಇದು ಆಟ ಕಲಿಸುವ ಕೆಲಸವಲ್ಲ.

ಕೋಚ್ ಎಂದರೆ ಮೂಲದಲ್ಲಿ ಕುದುರೆಗಾಡಿ. ಹಂಗೆರಿಯ ಒಂದು ಹಳ್ಳಿಯಿಂದ ಬಂದ ಹೆಸರು. ಸಿಗಂದೂರಿನ ಕಡೆಯವರಿಗೆ ಇದನ್ನು ತಿಳಿಯಹೇಳುವುದು ಸುಲಭ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಂದಿನಿಂದ 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಅಲ್ಲಿ ದೋಣಿ, ಲಾಂಚುಗಳೇ ಗತಿಯಾಗಿದ್ದವು. ದಾಟಿಸುವುದಷ್ಟೇ ಲಾಂಚಿನವನ ಕೆಲಸ. ದಾಟಿದವನು ದೇವಿಯ ಗುಡಿಗೆ ಹೋಗುವನೋ ತುಮರಿಯ ನೆಂಟರ ಮನೆಗೆ ಹೋಗುವನೋ, ಅದು ಅವನ ಇಷ್ಟ.

ಆ ಸೀಮೆಯ ಒಬ್ಬ ತರುಣನಿರುವನೆಂದು ಭಾವಿಸೋಣ. ಅಡಕೆತೋಟಕ್ಕೆ ಎಲೆಚುಕ್ಕೆ ರೋಗ ತಗಲಿದೆ. ಊರಿಗೆ ಮರಳುವುದೋ, ಬೆಂಗಳೂರಿನ ನೌಕರಿಯಲ್ಲಿಯೇ ಇರುವುದೋ? ಮಾವನವರು ಒಂದು ಹೇಳುವರು, ಭಾವನವರು ಇನ್ನೊಂದು. ಇಬ್ಬರೂ ಹಿತೈಷಿಗಳೇ, ಆದರೆ ಅವನ ಮಾತು ಮುಗಿಯುವ ತನಕ ಕಾದವರು ಯಾರು? ಕೋಚ್ ಆದವನು ಇಲ್ಲಿ ಬುದ್ಧಿ ಹೇಳತಕ್ಕವನಲ್ಲ. ಈ ಭೇಟಿಯಲ್ಲಿ ಏನು ಇತ್ಯರ್ಥವಾಗಬೇಕೆಂಬುದನ್ನು ಮೊದಲೇ ಒಪ್ಪಿಕೊಂಡು, ಆಡಿದ ಮಾತಿನೊಡನೆ ನುಂಗಿಕೊಂಡ ಮಾತನ್ನೂ ಗಮನಿಸಿ, ‘ಐದು ವರ್ಷ ತೋಟದಿಂದ ಏನೂ ಬಾರದಿದ್ದರೆ ಯಾವುದನ್ನು ಬಿಡಲು ಸಿದ್ಧರಿದ್ದೀರಿ?’ ಎಂಬಂತಹ ಪ್ರಶ್ನೆಯೊಂದನ್ನು ಹಾಕಿ ಸುಮ್ಮನಿರಬೇಕು. ಈ ಸುಮ್ಮನಿರುವ ವಿದ್ಯೆಯೇ ಕಷ್ಟವಾದುದು. ನಮ್ಮ ಮನೆಗಳಲ್ಲಿ ಹಿರಿಯರೆನಿಸಿದವರಿಗಂತೂ ಇನ್ನೂ ಕಷ್ಟ!

1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆಯು ಇಂತಹ ಎಂಟು ಸಾಮರ್ಥ್ಯಗಳನ್ನು ಗೊತ್ತುಮಾಡಿ, ಮೂರು ದರ್ಜೆಯ ಯೋಗ್ಯತಾಪತ್ರಗಳನ್ನು ಕೊಡುತ್ತಿದೆ. ಮೊದಲ ದರ್ಜೆಗೆ 60 ಗಂಟೆಗಳ ಶಿಕ್ಷಣವೂ 100 ಗಂಟೆಗಳ ಅನುಭವವೂ, ಎರಡನೆಯದಕ್ಕೆ 125 ಗಂಟೆಗಳ ಶಿಕ್ಷಣವೂ 500 ಗಂಟೆಗಳ ಅನುಭವವೂ ಬೇಕು. ಕಡೆಯ ದರ್ಜೆಗೆ ಅನುಭವವೇ 2500 ಗಂಟೆ! ನುರಿತವರಿಂದ 10 ಗಂಟೆ ತಿದ್ದಿಸಿಕೊಳ್ಳಬೇಕು, ಪರೀಕ್ಷೆಯೂ ಉಂಟು. ಪಡೆದ ಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಆದರೆ ನಮ್ಮ ದೇಶದಲ್ಲಿ ಈ ವೃತ್ತಿಗೆ ಸರಕಾರದ ಪರವಾನಗಿ ಬೇಕಿಲ್ಲವಾದುದರಿಂದ, ಏನೂ ಕಲಿಯದವನೂ ಫಲಕ ತೂಗುಹಾಕಬಹುದು. ಅಪಾಯವಿರುವುದು ಇಲ್ಲಿಯೇ. ಕೋಚ್ ವೈದ್ಯನಲ್ಲ. ನಿದ್ರೆಗೆಟ್ಟು ಬದುಕಿನಲ್ಲಿಯೇ ಬೇಸರಗೊಂಡವನನ್ನು ಗುರುತಿಸಿ, ಹಣದಾಸೆಗೆ ಹಿಡಿದಿಟ್ಟುಕೊಳ್ಳದೆ, ಮನೋವೈದ್ಯರ ಬಳಿಗೆ ಕಳುಹಿಸುವುದೂ ಆ ಎಂಟರೊಳಗಿನ ಮೊದಲನೆಯದಾದ ವೃತ್ತಿನೀತಿಗೆ ಸೇರಿದೆ. ಆದಕಾರಣ ಗೃಹಸ್ಥರು ಹಣ ಕೊಡುವ ಮೊದಲು, ‘ಎಲ್ಲಿ ಕಲಿತಿರಿ? ಎಷ್ಟು ಗಂಟೆಗಳ ಅನುಭವ? ನಿಮ್ಮ ಕೈಮೀರಿದ ಪ್ರಸಂಗದಲ್ಲಿ ಏನು ಮಾಡುವಿರಿ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.