ಗ್ರೂಪ್ ಒಂದೇ ಎಂದ ಮಾತ್ರಕ್ಕೆ

ಹೆರಿಗೆಯಾದವಳಿಗೆ ರಕ್ತಸ್ರಾವ ನಿಲ್ಲದಿದ್ದಾಗ ಗಂಡನೋ ತಮ್ಮನೋ ತೋಳು ಚಾಚಿ 'ನಂದೂ ಅದೇ ಗ್ರೂಪು, ತಗೊಳಿ ಸಾರ್' ಎನ್ನುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಹಿಂದಿನ ಬಸುರಿನಲ್ಲೋ, ಹಿಂದೊಮ್ಮೆ ರಕ್ತ ಪಡೆದಾಗಲೋ ಆಕೆಯ ಮೈಯಲ್ಲಿ ಪರರ ರಕ್ತಕಣಗಳ ವಿರುದ್ಧ ಪ್ರತಿಕಾಯ ಹುಟ್ಟಿರಬಹುದು. ಬರೀ ಗ್ರೂಪ್ ನೋಡಿದರೆ ಅದು ತಿಳಿಯದು. ಅದಕ್ಕೇ ಕ್ರಾಸ್‌ಮ್ಯಾಚ್. ರೋಗಿಯ ಸೀರಂಗೆ ದಾನಿಯ ಕೆಂಪುಕಣ ಬೆರೆಸಿ, 37 ಡಿಗ್ರಿಯಲ್ಲಿಟ್ಟು, ತೊಳೆದು, ಕೂಂಬ್ಸ್ ಸೀರಂ ಹಾಕಿ ತಿರುಗಿಸಿ, ಕೊಳವೆಯನ್ನು ಮೆಲ್ಲಗೆ ಅಲುಗಿಸಿ ನೋಡುತ್ತಾರೆ. ಕಣಗಳು ಗಂಟುಕಟ್ಟಿದರೆ ಆ ರಕ್ತ ಆಕೆಗೆ ಸಲ್ಲದು. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಪ್ರಕಟಿಸಿದ 'ಬಾಂಬೆ' ಗುಂಪಿನವರಿಗಂತೂ ಎಲ್ಲರಿಗೂ ಆಗುತ್ತದೆಂದು ನಾವು ನಂಬಿರುವ ಓ ರಕ್ತವೇ ಮಾರಕ. ಮೂತ್ರಪಿಂಡ ಕಸಿಯಲ್ಲೂ ಇದೇ ಕಥೆ: 1969ರಲ್ಲಿ ಪಟೇಲ್ ಮತ್ತು ಟೆರಾಸಾಕಿ ವರದಿ ಮಾಡಿದಂತೆ ಕ್ರಾಸ್‌ಮ್ಯಾಚ್ ಹೊಂದದ 30 ಕಸಿಗಳಲ್ಲಿ 24 ತಕ್ಷಣವೇ ವಿಫಲವಾದವು, ಹೊಂದಿದ 195ರಲ್ಲಿ ವಿಫಲವಾದದ್ದು 8.

ಪರೀಕ್ಷೆಗೆ ಮುಕ್ಕಾಲು ಗಂಟೆ ಬೇಕು, ಜೀವ ಕಾಯುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕೈಮೀರಿದಾಗ ವೈದ್ಯರು ಕ್ರಾಸ್‌ಮ್ಯಾಚ್‌ಗೆ ಕಾಯದೆ ಓ ನೆಗೆಟಿವ್ ಕೊಡಬಹುದು, ಕೊಡಬೇಕು ಕೂಡ. ಆದರೆ ನಮ್ಮ ದೇಶದಲ್ಲಿ ಆ ಗುಂಪಿನವರೇ ತೀರ ಕಡಿಮೆ. ಮೇಲಾಗಿ ಮಂಡ್ಯ ಜಿಲ್ಲೆಯಲ್ಲಿ ಹೊತ್ತು ತಿನ್ನುವುದು ಪರೀಕ್ಷೆಗಿಂತ ದಾರಿ: ಕೆ.ಆರ್. ಪೇಟೆಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ, ನಾಗಮಂಗಲದಿಂದ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೆ, ಶ್ರೀರಂಗಪಟ್ಟಣ, ಪಾಂಡವಪುರದಿಂದ ಮೈಸೂರಿಗೆ. ವರ್ಷಕ್ಕೆ 2000 ಯೂನಿಟ್ ಮೀರದ ಆಸ್ಪತ್ರೆಗಳು ಬ್ಲಡ್ ಬ್ಯಾಂಕ್ ಲೈಸೆನ್ಸ್ ಇಲ್ಲದೆಯೇ, ಅನುಮತಿ ಪಡೆದು ರಕ್ತ ಸಂಗ್ರಹ ಘಟಕ ನಡೆಸಲು 2001ರಿಂದಲೇ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಘಟಕ ಹಗಲಿರುಳು ನಡೆಯಬೇಕು. ಫ್ರಿಜ್ ಇದ್ದು ರಾತ್ರಿ ಟೆಕ್ನಿಷಿಯನ್ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ರಕ್ತಹೀನತೆ ಇರುವವರು, ಹಿಂದೆ ಸಿಸೇರಿಯನ್ ಆದವರು, ಮಾಸು ಕೆಳಗಿರುವವರು ದಾಖಲಾದ ಕೂಡಲೇ ಕ್ರಾಸ್‌ಮ್ಯಾಚ್‌ಗೆ ಸ್ಯಾಂಪಲ್ ಹೋಗಬೇಕು. ರಕ್ತ ಬೇಕಾಗದೇ ಹೋದರೆ ವ್ಯರ್ಥವಲ್ಲವೇ ಎನ್ನುವವರಿದ್ದಾರೆ. ಅವಳಿಗೆಂದು ಎತ್ತಿಟ್ಟ ಚೀಲ ಘಟಕದ ಫ್ರಿಜ್‌ನಲ್ಲೇ ಇರುತ್ತದೆ, ಇನ್ನೊಬ್ಬರಿಗೆ ಒದಗುತ್ತದೆ.

ಮನೆಯವರ ರಕ್ತವೇ ಒಳ್ಳೆಯದು ಎಂಬ ನಂಬಿಕೆಯನ್ನೂ ಬಿಡಬೇಕು. ಗಂಡನ ರಕ್ತದಿಂದ ಹುಟ್ಟುವ ಪ್ರತಿಕಾಯ ಮುಂದಿನ ಮಗುವಿಗೆ ತೊಂದರೆ ತರಬಹುದು. ಇಷ್ಟೆಲ್ಲ ಮಾಡಿಯೂ ಸ್ಯಾಂಪಲ್ ಅದಲುಬದಲಾದರೆ ಪರೀಕ್ಷೆಗೆ ಅರ್ಥವಿಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುಳಾ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ರಕ್ತ ತೆಗೆದವರೇ ಹಾಸಿಗೆಯ ಪಕ್ಕದಲ್ಲೇ ನಿಂತು, ಹೆಸರು ಕೇಳಿ, ಒಳರೋಗಿ ಸಂಖ್ಯೆ ನೋಡಿ ಲೇಬಲ್ ಬರೆಯಬೇಕು. ಚೀಲ ಬಂದಾಗಲೂ ಇಬ್ಬರು ಸೇರಿ ಅದನ್ನೇ ಮತ್ತೆ ತಾಳೆ ನೋಡಬೇಕು.