ಒಂದೇ ಕಡೆಯಿಂದ ನೋಡಿ ಒಪ್ಪಬೇಡಿ

ಮೊನ್ನೆ ಪುಣೆಯ ನಮ್ಮ ಆಫೀಸಿನಲ್ಲಿ ಟ್ರೇನಿ ಹುಡುಗನೊಬ್ಬ ಊಟದ ಬಿಡುವಿನಲ್ಲಿ ಕ್ಯಾಡ್‌ನಲ್ಲಿ ಪೆನ್ರೋಸ್ ತ್ರಿಕೋನ ಮಾಡಿ ತೋರಿಸಿದ. ಮೂರು ಚೌಕದ ಸರಳು, ಮೂರೂ ಮೂಲೆಯಲ್ಲಿ ಲಂಬಕೋನ, ಆದರೂ ಎಲ್ಲೂ ಬಾಯಿ ಬಿಡದ ತ್ರಿಕೋನ. ಹಿರಿಯರೊಬ್ಬರು ಗದರಿದರು: "ಆಗದ ವಸ್ತು ಮಾಡಿ ಏನು ಬಂತು? ಆಗುವ ಬ್ರಾಕೆಟ್ ಮಾಡು."

ನಾನು ಹುಡುಗನ ಪರ. ಇದನ್ನು ಟೈಂಪಾಸ್ ಅನ್ನುವವರು ತಮ್ಮ ಕಸುಬಿನ ಮೊದಲ ಪಾಠವನ್ನೇ ಮರೆತಿದ್ದಾರೆ.

ತ್ರಿಕೋನದ ಒಳಕೋನಗಳ ಮೊತ್ತ 180 ಡಿಗ್ರಿ, ಇಲ್ಲಿ 270. ಕಾಗದಕ್ಕೆ ಇದರ ಚಿಂತೆಯಿಲ್ಲ. ಸ್ವೀಡನ್ನಿನ ಆಸ್ಕರ್ ರಾಯ್ಟರ್ಸ್‌ವಾರ್ಡ್ 1934ರಲ್ಲೇ ಘನಗಳನ್ನು ಜೋಡಿಸಿ ಇಂಥದ್ದನ್ನು ಬರೆದಿದ್ದ. 1958ರಲ್ಲಿ ಲಯೊನೆಲ್ ಪೆನ್ರೋಸ್ ಮತ್ತು ಅವರ ಮಗ ರೋಜರ್ ತಮ್ಮ ತ್ರಿಕೋನ ಪ್ರಕಟಿಸಿದರು. ಕ್ಯಾಡ್ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅದು ಪ್ರತಿ ಬಿಂದುವಿನ ಆಳವನ್ನೂ ಕೇಳುತ್ತದೆ. ತಲಾ 100 ಮಿ.ಮೀ. ಉದ್ದದ ಮೂರು ಗೆರೆಗಳನ್ನು ಎಕ್ಸ್, ವೈ, ಝಡ್ ದಿಕ್ಕಿಗೆ ಒಂದರ ತುದಿಗೊಂದು ಎಳೆದು, ಅವುಗಳ ಮೇಲೆ ಸರಳು ಕಟ್ಟಿ. ಶುರುವಾದ ಬಿಂದುವಿಗೂ ಮುಗಿದ ಬಿಂದುವಿಗೂ ನಡುವೆ ಸುಮಾರು 173 ಮಿ.ಮೀ. ಅಂತರ ಉಳಿಯುತ್ತದೆ. ಐಸೊಮೆಟ್ರಿಕ್ ನೋಟದಲ್ಲಿ ಮಾತ್ರ ಎರಡೂ ತುದಿ ಸರಿಯಾಗಿ ಒಂದರ ಹಿಂದೊಂದು ನಿಂತು ಕೂಡಿದಂತೆ ಕಾಣುತ್ತವೆ. ಹತ್ತಿರದ ತುದಿಯಲ್ಲಿ ಅಡ್ಡ ಬರುವಷ್ಟನ್ನು ಕತ್ತರಿಸಿದರೆ ಮುಗಿಯಿತು. ನೋಟವನ್ನು ಒಂಚೂರು ತಿರುಗಿಸಿ, ಇಲ್ಲವೇ ಪರ್ಸ್ಪೆಕ್ಟಿವ್ ಒತ್ತಿ, ಗುಟ್ಟು ರಟ್ಟಾಗುತ್ತದೆ.

ಹಳೆಯ ಡ್ರಾಫ್ಟ್ಸ್‌ಮನ್‌ಗಳು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಎಂದು ಮೂರು ನೋಟ ಬರೆಯುತ್ತಿದ್ದುದು ಇದಕ್ಕೇ. ನಾವೀಗ ಬಣ್ಣ ಬಳಿದ ಒಂದೇ ಚಿತ್ರ ನೋಡಿ ತಲೆಯಾಡಿಸುತ್ತೇವೆ. ಅದೇ ಹಿರಿಯರು ಹಾಗೆ ಒಪ್ಪಿದ ಬ್ರಾಕೆಟ್ ಒಂದು ಶಾಪ್‌ಫ್ಲೋರಿಗೆ ಹೋದಾಗ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಜಾಗವೇ ಇರಲಿಲ್ಲ. 'ಆಗುವ' ವಸ್ತುವಿನ ಕಥೆ ಅದು!

ಆಫೀಸಿನ ಮಾತು ಬಿಡಿ. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟು ಜನ ಇನ್ನೂ ಕಟ್ಟದ ಫ್ಲ್ಯಾಟಿಗೆ ಬಣ್ಣದ ಚಿತ್ರ ನೋಡಿ ಇಪ್ಪತ್ತು ವರ್ಷದ ಸಾಲ ಮಾಡಿಲ್ಲ? ಅದೂ ಇಂಥದೇ ತಂತ್ರಾಂಶದಲ್ಲಿ ಹುಟ್ಟಿದ ಚಿತ್ರ. ಕ್ಯಾಮೆರಾವನ್ನು ಗೋಡೆಯ ಆಚೆ ಇಟ್ಟು, ಮಂಚವನ್ನು ಒಂದು ಅಡಿ ಕುಗ್ಗಿಸಿದರೆ ಹತ್ತಡಿ ಕೋಣೆ ಹಜಾರವಾಗುತ್ತದೆ. ಅಲ್ಲಿ ನೋಟ ತಿರುಗಿಸುವ ಮೌಸ್ ನಮ್ಮ ಕೈಯಲ್ಲಿ ಇರುವುದಿಲ್ಲ.

ಹಾಗಾದರೆ ಹುಡುಗರಿಗೆ ಕಣ್ಕಟ್ಟು ಕಲಿಸುವುದು ಮೋಸ ಕಲಿಸಿದಂತಲ್ಲವೇ ಎಂದು ಕೇಳಬಹುದು. ಮುಚ್ಚಿದ ನೋಟವನ್ನಷ್ಟೇ ತೋರಿಸಿ ಚಪ್ಪಾಳೆ ಗಿಟ್ಟಿಸಿದರೆ ಹೌದು. ತಿರುಗಿಸಿ ಆ ಅಂತರವನ್ನು ಅಳೆದು ತೋರಿಸಿದರೆ, ಮುಂದೆ ಯಾವ ಚಿತ್ರ ಕಂಡರೂ "ಪಕ್ಕದಿಂದ ತೋರಿಸಿ" ಎಂದು ಕೇಳುವ ಅಭ್ಯಾಸ ಬರುತ್ತದೆ. ಕ್ಯಾಡ್ ಕಲಿಸುವ ಎಲ್ಲೆಡೆ ಮೊದಲ ವಾರವೇ ಇದನ್ನು ಮಾಡಿಸಬೇಕು.

ಆ ಹುಡುಗನಿಗೆ ಹೇಳಿದ್ದೇನೆ: ಸೋಮವಾರ ಮೀಟಿಂಗಿನಲ್ಲಿ ಎಲ್ಲರೆದುರು ತೋರಿಸು. ತಿರುಗಿಸುವ ಕೆಲಸ ಮಾತ್ರ ಆ ಹಿರಿಯರ ಕೈಯಲ್ಲೇ ಮಾಡಿಸು.