ಗರಡಿಗೆ ಜೂಡೋ ಹೊರಗಿನದಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಜೂಡೋ ಮ್ಯಾಟ್ ಹಾಕಿಸಿ, ತರಬೇತುದಾರರನ್ನು ಕೊಡಿ ಎಂದು ಕೇಳಿದಾಗಲೆಲ್ಲ ಅವೇ ಆಕ್ಷೇಪಗಳು ಎದುರಾಗುತ್ತವೆ. ಒಂದೊಂದನ್ನೇ ಮುಂದಿಡುತ್ತೇನೆ, ಓದುಗರು ಪಂಚರಾಗಿ ತೂಗಿ ನೋಡಲಿ.

ಜೂಡೋ ಜಪಾನಿನದು, ನಮ್ಮ ಮಣ್ಣಿನದು ಕುಸ್ತಿ ಎಂಬುದು ಮೊದಲ ಮಾತು. ಜಿಗೊರೊ ಕಾನೊ 1882ರಲ್ಲಿ ಅದನ್ನು ಟೋಕಿಯೊದಲ್ಲಿ ಕಟ್ಟಿದ್ದು ನಿಜ. ಆದರೆ ಹೀಗೆನ್ನುವವರೇ ಖಾಶಾಬಾ ಜಾಧವರ ಹೆಸರೆತ್ತಿದರೆ ಎದೆಯುಬ್ಬಿಸುತ್ತಾರೆ. ಕರಾಡ ಸೀಮೆಯ ಆ ಪೈಲ್ವಾನರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಮಣ್ಣಿನಲ್ಲಲ್ಲ, ಮ್ಯಾಟಿನ ಮೇಲೆ. ಗರಡಿಯ ಕಟ್ಟಳೆಯಲ್ಲಲ್ಲ, ಫ್ರೀಸ್ಟೈಲ್ ನಿಯಮದಲ್ಲಿ. 1948ರ ಲಂಡನ್‌ನಲ್ಲಿ ಆ ಮ್ಯಾಟೂ ಆ ನಿಯಮವೂ ಅವರಿಗೆ ಹೊಸವು. ಆರನೇ ಸ್ಥಾನ ಸಿಕ್ಕಿತು. ಕಲಿತರು, ಗೆದ್ದರು. ಪರದೇಶದ ಫ್ರೀಸ್ಟೈಲ್ ನಮ್ಮದಾಗಬಹುದಾದರೆ ಜೂಡೋ ಏಕಾಗಬಾರದು? ಇಷ್ಟು ಕೇಳಿದರೆ ಮಾತು ಸಂಪ್ರದಾಯದ ಕಡೆ ಜಾರುತ್ತದೆ.

ಸರಿ, ಸಂಪ್ರದಾಯದ ಮಾತನ್ನೇ ಆಡೋಣ. ನಮ್ಮ ಜಾತ್ರೆಗಳ ನಿಕಾಲಿ ಕುಸ್ತಿಯಲ್ಲಿ ಅಂಕ ಎಣಿಸುವುದಿಲ್ಲ. ಬೆನ್ನು ಮಣ್ಣಿಗೆ ಹತ್ತಿತೆಂದರೆ ಚಿತ್. ಹಲಗಿ ಬಡಿತವೇ ತೀರ್ಪು ಸಾರುತ್ತದೆ. ಜೂಡೋದ ಇಪ್ಪಾನ್ ಕೂಡ ಹಾಗೆಯೇ: ಹಿಡಿತ ಬಿಡದೆ, ಬಿರುಸಿನಿಂದ ಎದುರಾಳಿಯನ್ನು ಬೆನ್ನ ಮೇಲೆ ಕೆಡವಿದರೆ ಅಲ್ಲಿಗೆ ಆಟ ಮುಗಿಯಿತು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಫೈನಲ್ ನೆನೆಯಿರಿ. ನಾಲ್ಕು ನಿಮಿಷದ ಪಂದ್ಯದಲ್ಲಿ ನಮ್ಮ ತುಲಿಕಾ ಮಾನ್ ಮುಂದಿದ್ದರು. ಉಳಿದದ್ದು ಅರ್ಧ ನಿಮಿಷ. ಸ್ಕಾಟ್ಲೆಂಡಿನ ಸಾರಾ ಆಡ್ಲಿಂಗ್‌ಟನ್ ಒಂದೇ ಪಟ್ಟಿಗೆ ಕೆಡವಿದರು; ಅದುವರೆಗಿನ ಮುನ್ನಡೆಗೆ ಬೆಲೆಯೇ ಉಳಿಯಲಿಲ್ಲ. ಪಟಗಾ ಸುತ್ತಿ ಮೈದಾನದ ಅಂಚಿಗೆ ಕೂರುವ ನಮ್ಮ ವಸ್ತಾದರಿಗೆ ಆ ಗಳಿಗೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜೂಡೋದಲ್ಲಿ ಕಾಲು ಹಿಡಿಯುವಂತಿಲ್ಲ, ಆ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ಧೋಬಿ ಪಛಾಡ್ ಬಲ್ಲ ಹುಡುಗನಿಗೆ ಭುಜದ ಮೇಲಿಂದ ಎಸೆಯುವ ಸೆಯೊಯಿ ನಾಗೆ ಅಪರಿಚಿತವಾಗಲಾರದು.

ಕುಸ್ತಿಯೊಂದಿದ್ದರೆ ಸಾಕು, ದೊಡ್ಡ ಕೂಟಗಳ ಬಾಗಿಲು ಅದರಿಂದಲೇ ತೆರೆಯುತ್ತದೆ ಎನ್ನುವವರು 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಪಟ್ಟಿ ನೋಡಲಿ. ಹತ್ತೇ ಕ್ರೀಡೆಗಳು. ಜೂಡೋ ಇದೆ, ಕುಸ್ತಿ ಇಲ್ಲ.

ಇನ್ನು ಮಲಪ್ರಭಾ ಜಾಧವ ಅವರ ಮಾತು. ಬೆಳಗಾವಿ ಬಳಿಯ ತುರಮುರಿಯ ಈ ರೈತನ ಮಗಳು 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ 52 ಕಿಲೋ ವಿಭಾಗದ ಕಂಚು ತಂದರು. "ಅದು ಕುರಾಶ್, ಜೂಡೋ ಅಲ್ಲವಲ್ಲ" ಎಂದು ಆಕ್ಷೇಪಿಸುವವರಿದ್ದಾರೆ. ಹೌದು, ಕುರಾಶ್. ಅಂಗಿ ಹಿಡಿದು ನಿಂತಲ್ಲೇ ಕೆಡವುವ ಆ ಆಟಕ್ಕೆ ಆಕೆಯ ಕೈ ಪಳಗಿದ್ದು ಬೆಳಗಾವಿಯ ಜೂಡೋ ತರಬೇತಿಯಲ್ಲಿ. ಒಂದು ಮ್ಯಾಟ್ ಎರಡು ಆಟಗಳ ದಾರಿ ತೆರೆಯಿತೆಂದರೆ ಅದು ಜೂಡೋ ಪರವಾದ ಸಾಕ್ಷಿಯೇ ಹೊರತು ವಿರುದ್ಧದ್ದಲ್ಲ.

ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂಬ ಮಾತಿಗೆ ಉದ್ದದ ಉತ್ತರ ಬೇಕಿಲ್ಲ. ಬರ್ಮಿಂಗ್‌ಹ್ಯಾಮ್ ಜೂಡೋದಲ್ಲಿ ಭಾರತಕ್ಕೆ ಬಂದದ್ದು ಮೂರು ಪದಕ. ವಿಜಯ್ ಕುಮಾರ್ ಯಾದವ್ ಅವರದು ಕಂಚು; ಎರಡು ಬೆಳ್ಳಿಯೂ ಹೆಣ್ಣುಮಕ್ಕಳವು, ಸುಶೀಲಾ ದೇವಿ ಮತ್ತು ತುಲಿಕಾ ಅವರವು.

ಕೊನೆಗೆ, ಬೆಳಗಾವಿಯಲ್ಲಿ ತರಬೇತಿ ಇದೆಯಲ್ಲ, ಇಲ್ಲೇಕೆ ಎನ್ನುತ್ತಾರೆ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಶಾಲೆ ಬಿಟ್ಟ ಮೇಲೆ ಹತ್ತು ವರ್ಷದ ಹುಡುಗಿ ಹೋಗಿ ಬರುವ ದಾರಿಯೇ ಅದು? ಪ್ರತಿಭೆ ಇದ್ದರೆ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಲಿ ಎಂಬುದು ಇದರ ಬಾಲ. ಮ್ಯಾಟನ್ನೇ ಮೆಟ್ಟದ ಮಗು ಆಯ್ಕೆಯಲ್ಲಿ ಏನನ್ನು ತೋರಿಸಬೇಕು? ಜೂಡೋದ ಮೊದಲ ಪಾಠವೇ ಬೀಳುವುದು: ಗದ್ದ ಎದೆಗೊತ್ತಿ, ತಲೆ ನೆಲಕ್ಕೆ ತಾಗದಂತೆ, ಅಂಗೈ ಚಾಚಿ ಮ್ಯಾಟಿಗೆ ಬಡಿಯುತ್ತ ಬೀಳಬೇಕು. ಶಾಲೆಯ ಸಿಮೆಂಟ್ ಕಟ್ಟೆಯ ಮೇಲೆ ಇದನ್ನು ಯಾವ ಗುರುವೂ ಕಲಿಸಲಾರ. ನಾವು ಕೇಳುತ್ತಿರುವುದು ಆ ಮೊದಲ ಪಾಠದ ಜಾಗ.